ಅಪ್ಪಯ್ಯ ಬೇಯಿಸಿದ ಸಾಲ್ಮನ್

ಅಪ್ಪಯ್ಯ ಮುಂಬೈಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಊರಿಗೆ ಮರಳಿ ಗುಲ್ವಾಡಿಯ ನಮ್ಮ ಮನೆಯಲ್ಲಿ ನೆಲೆ ನಿಂತ ಮೇಲೆ ಅಡುಗೆಮನೆಯ ಕಡೆ ತಲೆ ಹಾಕಿದವರಲ್ಲ. ಜೀವಮಾನಕ್ಕೆ ಸಾಕಾಗುವಷ್ಟು ಒಲೆಯ ಮುಂದೆ ನಿಂತಾಗಿದೆ ಎನ್ನುತ್ತಿದ್ದರು. ಅಮ್ಮನೂ ಒತ್ತಾಯಿಸಿದವಳಲ್ಲ.

ಒಂದು ಮಳೆಗಾಲ ಅಮ್ಮ ಸಿದ್ದಾಪುರದ ತನ್ನ ತಂಗಿಯ ಮನೆಗೆ ಹೋದವಳು ಮಳೆ ಬಿಡದೆ ಅಲ್ಲೇ ಉಳಿದಳು. ದೋಣಿಗಳು ಕಡಲಿಗೆ ಇಳಿಯದ ಸಮಯ, ಹಸಿ ಮೀನಿನ ಮಾತೇ ಇಲ್ಲ. ನಾನು ಕೆಲಸ ಮುಗಿಸಿ ಬರುವಾಗ ಕುಂದಾಪುರದ ಸೂಪರ್‌ಮಾರ್ಕೆಟ್ಟಿನಲ್ಲಿ ಹೊರದೇಶದ ಕೆಂಬಣ್ಣದ ಮೀನು ಸಾಲ್ಮನ್ ಕಂಡಿತು. ಕೇಕಿಗೆಂದು ಕೊಂಡ ಓವನ್ ಮನೆಯಲ್ಲಿತ್ತು. ರಾತ್ರಿಯ ಊಟ ಸುಲಭವಾಗಲಿ ಎಂದು ಕೊಂಡುಕೊಂಡೆ.

ಅಪ್ಪಯ್ಯ ಪೊಟ್ಟಣ ತಿರುಗಿಸಿ ನೋಡಿದರು. "ಇದೆಂತ ಮಾರಾಯ್ತಿ, ಕಲ್ಲಂಗಡಿ ಹೋಳ್ ಕಂಡಂಗಿತ್ತಲೆ! ಮಸಾಲಿ ಕಡೂದಿಲ್ಯಾ?"

"ಬೇಡ ಅಪ್ಪಯ್ಯ. ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ, ಲಿಂಬೆರಸ. ಅಷ್ಟೇ ಸಾಕ್."

ತುಂಡುಗಳಿಗೆ ಎಣ್ಣೆ ಸವರಿ ಓವನ್ನಿನೊಳಗಿಟ್ಟೆ. ಅವರು ಕುರ್ಚಿ ಎಳೆದುಕೊಂಡು ಅದರ ಮುಂದೆಯೇ ಕೂತರು. "ಸದ್ದೇ ಇಲ್ಯಲೆ. ಬೆಂದಿತ್ತಾ ಇಲ್ಯಾ ಅಂದೇಳಿ ಗೊತ್ತಾಪ್ದ್ ಹ್ಯಾಂಗೆ?" ಎಂದು ಮತ್ತೆ ಮತ್ತೆ ಬಾಗಿಲು ತೆಗೆದು ಇಣುಕಿದರು. ಬೇಡವೆಂದರೂ ಕೇಳಲಿಲ್ಲ.

ಕುಚ್ಚಲಕ್ಕಿ ಅನ್ನದ ಜೊತೆ ತಿನ್ನುತ್ತ ಅವರು ಮುಂಬೈಯ ಮಾತು ತೆಗೆದರು. ಎಷ್ಟೋ ಜನರಿಗೆ ಅಡುಗೆ ಮಾಡಿದ ಅವರು ಮೀನನ್ನು ಮಾತ್ರ ಒಮ್ಮೆಯೂ ಬೇಯಿಸಿರಲಿಲ್ಲವಂತೆ. ರಜೆ ಹತ್ತಿರವಾದಂತೆ ಅಮ್ಮನ ಬಂಗುಡೆ ಸಾರು ನೆನಪಾಗಿ, ಹೋಟೆಲಿನ ಸಾಂಬಾರಿನ ಮುಂದೆ ನಿಂತೇ ಬಾಯಲ್ಲಿ ನೀರೂರುತ್ತಿತ್ತಂತೆ. ಇಷ್ಟು ವರ್ಷ ಈ ಮಾತು ನಮಗ್ಯಾರಿಗೂ ಹೇಳಿರಲಿಲ್ಲ. ಕೊನೆಗೆ, "ಇದನ್ನ್ ನಿನ್ನ್ ಅಮ್ಮಂಗೆ ನಾನೇ ಮಾಡಿ ಹಾಕ್ತೆ," ಎಂದರು. ತಮಾಷೆ ಎಂದುಕೊಂಡೆ.

ಮಾರನೆಯ ದಿನ ಅಮ್ಮ ಬಂದಳು. ಸಂಜೆ ಅಡುಗೆಮನೆಗೆ ಹೊರಟವಳನ್ನು ಅಪ್ಪಯ್ಯ ತಡೆದರು. "ಇವತ್ ನೀ ಕೂಕೊ. ನಾ ಬಡ್ಸ್ತೆ." ಫ್ರಿಜ್ಜಿನಲ್ಲಿ ಉಳಿದಿದ್ದ ಹಸಿ ತುಂಡುಗಳಿಗೆ ತಾವೇ ಉಪ್ಪು, ಮೆಣಸು ಹಚ್ಚಿ ಓವನ್ನಿನಲ್ಲಿ ಬೇಯಿಸಿದ್ದರು. ನನ್ನನ್ನೂ ಹತ್ತಿರ ಬಿಟ್ಟಿರಲಿಲ್ಲ. ಹೋಟೆಲಿನವರ ಹಾಗೆ ಹೆಗಲ ಮೇಲೆ ಕೈ ಒರೆಸುವ ಬೈರಾಸು ಹಾಕಿಕೊಂಡು, ಬಗ್ಗಿ, ಅಮ್ಮನ ತಟ್ಟೆಗೆ ಮೀನು ಬಡಿಸಿದರು. ಅವರು ಅಮ್ಮನಿಗೆ ಬಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಮ್ಮ ತಟ್ಟೆಯನ್ನೂ ಅವರನ್ನೂ ನೋಡಿದಳು. "ಎಂಥದ್ ಹ್ವಾಯ್, ಊರೊರಿಗೆಲ್ಲ ಬಡ್ಸಿ ಬಂದ್ರಿ, ನಂಗೆ ಬಡ್ಸುಕೆ ಇಷ್ಟ್ ಕಾಲ ಬೇಕಾಯ್ತಾ?" ಅಂದಳು. ಅಪ್ಪಯ್ಯ ಅವಳ ತಟ್ಟೆಗೆ ಇನ್ನೊಂದು ತುಂಡು ಹಾಕಿದರು. ಉಪ್ಪು ಕಡಿಮೆ ಎನ್ನುತ್ತಲೇ ಅವಳು ಅದನ್ನೂ ತಿಂದಳು.

ಆಮೇಲಿನ ಮಳೆಗಾಲಗಳಲ್ಲಿ ಸಾಲ್ಮನ್ ಬೇಯಿಸಿ ಬಡಿಸುವ ಕೆಲಸ ಅವರದ್ದೇ ಆಯಿತು. ಈಗ ಅಪ್ಪಯ್ಯ ಇಲ್ಲ. ದಣಿದು ಬಂದ ಸಂಜೆಗಳಲ್ಲಿ ಒಮ್ಮೊಮ್ಮೆ ನಾನು ಸಾಲ್ಮನ್ ತರುತ್ತೇನೆ. ತಿನ್ನುತ್ತ ಅಮ್ಮ, ಅಪ್ಪಯ್ಯ ಮುಂಬೈಯಿಂದ ರಜೆಗೆ ಬರುತ್ತಿದ್ದ ದಿನಗಳ ಕತೆ ಶುರುಮಾಡುತ್ತಾಳೆ. ಊಟ ಮುಗಿದು ಕೈ ಒಣಗಿದರೂ ನಾವಿಬ್ಬರೂ ಏಳುವುದಿಲ್ಲ.