ಆಂಜನಮ್ಮಕ್ಕನ ಅಡುಗೆ, ಭವ್ಯಳ ಕಬಡ್ಡಿ

ನನ್ನ ಓರಗಿತ್ತಿ ಆಂಜನಮ್ಮನವರಿಗೆ ಯಾರ ಮೇಲೆ ಎಷ್ಟು ಪ್ರೀತಿ ಇದೆ ಎಂಬುದು ಊಟದ ತಟ್ಟೆ ನೋಡಿದರೆ ತಿಳಿಯುತ್ತದೆ. ಇಷ್ಟವಾದವರಿಗೆ ಮುದ್ದೆ ದೊಡ್ಡದು. ಬೇಡ ಎಂದು ಕೈ ಅಡ್ಡ ಹಿಡಿದರೆ ಕೈಯ ಸಂದಿಯಲ್ಲೇ ಇನ್ನರ್ಧ ಬಂದು ಬೀಳುತ್ತದೆ. ನಾನು ಹೊರಮಾವಿಗೆ ಸೊಸೆಯಾಗಿ ಬಂದ ಮೊದಲ ವರ್ಷ ನನ್ನ ಪಾಲಿಗೆ ಸಣ್ಣ ಮುದ್ದೆಯೇ ಬರುತ್ತಿತ್ತು. ಎರಡನೇ ವರ್ಷ ಅದು ದೊಡ್ಡದಾಯಿತು, ನನ್ನ ರವಿಕೆಗಳೆಲ್ಲ ಬಿಗಿಯಾದವು. ಅಕ್ಕ ನನ್ನನ್ನು ಒಪ್ಪಿಕೊಂಡರು ಎಂದು ನೆಮ್ಮದಿಪಟ್ಟು ಹೊಲಿಗೆ ಬಿಚ್ಚಿಸಿಕೊಂಡೆ.

ಅಂಥ ಹೆಂಗಸು ಕಬಡ್ಡಿಯ ಸಹವಾಸಕ್ಕೆ ಬಿದ್ದದ್ದೂ ಊಟದ ದಾರಿಯಿಂದಲೇ. ಅಕ್ಕನ ಒಬ್ಬಳೇ ಮಗಳು ಭವ್ಯ ಶಾಲೆಯ ಕ್ರೀಡಾಕೂಟದಲ್ಲಿ ಆಡಿದ್ದನ್ನು ಜೋಗುಪಾಳ್ಯದ ಪ್ರೇಮ್‌ಕುಮಾರ್ ಎಂಬ ಕೋಚ್ ನೋಡಿದ್ದರು. ಹಿಂದೆ ಕಾರ್ಖಾನೆಯೊಂದರ ತಂಡದಲ್ಲಿ ಆಡಿದ್ದವರು, ಈಗ ಹಲಸೂರಿನ ಒಂದು ಮೈದಾನದಲ್ಲಿ ಹುಡುಗಿಯರಿಗೆ ಆಟ ಹೇಳಿಕೊಡುತ್ತಿದ್ದರು. ಅವರೇ ಮನೆ ಹುಡುಕಿಕೊಂಡು ಬಂದು, ಹುಡುಗಿಯನ್ನು ಕಳಿಸಿಕೊಡಿ ಎಂದು ಕೇಳಿದರು. ನಮ್ಮ ಭಾವ ಬೈಲಪ್ಪನವರು ಅಪ್ಪನ ಕಾಲದ ಹೊಲದಲ್ಲಿ ಬಾಡಿಗೆ ಮನೆಗಳನ್ನು ಎಬ್ಬಿಸಿ, ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹತ್ತಿರ ಸಿಮೆಂಟಿನ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ಕೆಟ್ಟವರಲ್ಲ. ಆದರೆ ಯಾವ ಹೊಸ ಮಾತಿಗೂ ಮೊದಲು ಬೇಡ ಎಂದುಬಿಡುವುದು ಅವರ ಅಭ್ಯಾಸ. ಅಂದೂ ಹಾಗೇ ಅಂದರು. ಕಾಫಿ ತಂದ ಅಕ್ಕ ಬಾಗಿಲಲ್ಲೇ ನಿಂತು ಕೋಚನ್ನು ಒಂದೇ ಪ್ರಶ್ನೆ ಕೇಳಿದರು.

"ಸಾರ್, ಈ ಆಟ ಆಡಿದ್ರೆ ಮಗೂಗೆ ಚೆನ್ನಾಗಿ ಹಸಿವಾಗುತ್ತಾ?"

"ಆಗದೆ ಏನಮ್ಮಾ. ಮನೇಲಿರೋದೆಲ್ಲ ಖಾಲಿ ಮಾಡ್ತಾಳೆ."

"ಹಾಗಾದ್ರೆ ಬರ್ತಾಳೆ ಬಿಡಿ," ಎಂದರು ಅಕ್ಕ.

ಭಾವ ಬಾಯಿ ಬಿಡುವಷ್ಟರಲ್ಲಿ ಮಾತು ಮುಗಿದಿತ್ತು. ಹದಿಮೂರರ ಹುಡುಗಿಯನ್ನು ಒಬ್ಬಳೇ ಬಸ್ಸಿಗೆ ಹತ್ತಿಸುವುದುಂಟೇ ಎಂದು ಅಕ್ಕ ಜೊತೆಗೆ ಹೊರಟರು. ಅಕ್ಕ ಒಬ್ಬರೇ ಹೋಗುವುದುಂಟೇ ಎಂದು ನಾನು ಹೊರಟೆ. ನನಗೆ ಕಬಡ್ಡಿಯ ಮೇಲೆ ಯಾವ ಆಸೆಯೂ ಇರಲಿಲ್ಲ. ಸಂಜೆ ಹೊತ್ತು ಮನೆಯಿಂದ ಹೊರಗೆ ಕಾಲಿಡಲು ಒಂದು ನೆಪ ಸಿಕ್ಕಿತು, ಅಷ್ಟೆ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಬದಲಾಯಿಸಿ ಹಲಸೂರಿಗೆ ಹೋಗಿ ಮೈದಾನದ ಬೇವಿನ ಮರದ ಕೆಳಗೆ ನಾವಿಬ್ಬರೂ ಕೂರುತ್ತಿದ್ದೆವು. ನಡುವೆ ಅಕ್ಕನ ಚೀಲ. ಅದರಲ್ಲಿ ಬೇಯಿಸಿದ ಮೊಟ್ಟೆ, ಕಡಲೆಕಾಯಿ, ರಾಗಿ ಹುರಿಹಿಟ್ಟಿನ ಉಂಡೆ ಇರುತ್ತಿದ್ದವು, ಭವ್ಯಳೊಬ್ಬಳಿಗಲ್ಲ, ಇಡೀ ತಂಡಕ್ಕೆ.

ಮೊದಮೊದಲು ಅಕ್ಕನಿಗೆ ಆಟವೇ ಅರ್ಥವಾಗುತ್ತಿರಲಿಲ್ಲ. ಭವ್ಯ ರೈಡಿಗೆ ಹೋದಾಗ ಎದುರಿನ ಹುಡುಗಿಯರು ಅವಳ ಕಾಲು ಹಿಡಿದು ಬೀಳಿಸಿದರೆ ಇವರು ಎದ್ದು ನಿಂತು, "ಏಯ್, ಬಿಡ್ರೇ ಮಗೂನ, ಏಳು ಜನ ಸೇರ್ಕೊಂಡು ಒಬ್ಬಳ ಮೇಲೆ ಬೀಳ್ತೀರಲ್ಲ, ನ್ಯಾಯಾನಾ ಇದು?" ಎಂದು ಜಗಳಕ್ಕೆ ಹೋಗುತ್ತಿದ್ದರು. ಶಿವಾಜಿನಗರದಿಂದ ಬರುತ್ತಿದ್ದ ಫಹ್ಮಿದಾ ಎಂಬ ಹುಡುಗಿಯ ಹಿಡಿತ ಬಲು ಗಟ್ಟಿ. ಭವ್ಯ ಹೆಚ್ಚು ಸಲ ಬೀಳುತ್ತಿದ್ದದ್ದು ಅವಳ ಕೈಯಲ್ಲೇ. ಅಕ್ಕ ಒಂದು ವಾರ ಅವಳಿಗೆ ಮೊಟ್ಟೆ ಕೊಡಲಿಲ್ಲ. ಕೊನೆಗೆ ಆ ಹುಡುಗಿಯೇ ಬಂದು, "ಆಂಟಿ, ನಾನು ಹಿಡೀಲಿಲ್ಲ ಅಂದ್ರೆ ಭವ್ಯಾಗೆ ಬಿಡಿಸ್ಕೊಳ್ಳೋದು ಹೆಂಗೆ ಬರ್ತೈತೆ ಹೇಳಿ," ಎಂದಳು. ಅಕ್ಕ ಅವಳ ಕೈಗೆ ಎರಡು ಮೊಟ್ಟೆ ಇಟ್ಟರು.

ಆಮೇಲೆ ಕಲಿತರು ನೋಡಿ. ಬೋನಸ್ ಗೆರೆ, ಔಟು, ಎಲ್ಲವೂ ನಾಲಿಗೆಯ ತುದಿಗೆ ಬಂತು. ಯಾರ ಮಂಡಿ ತರಚಿದೆ, ಯಾರಿಗೆ ಮುಟ್ಟಿನ ಹೊಟ್ಟೆನೋವು, ಯಾರು ಮನೆಯಲ್ಲಿ ಬೈಸಿಕೊಂಡು ಬಂದಿದ್ದಾರೆ ಎಂಬುದೆಲ್ಲ ಕೋಚ್‌ಗಿಂತ ಮೊದಲು ಇವರಿಗೆ ಗೊತ್ತಾಗುತ್ತಿತ್ತು. ರೆಫರಿಗಳ ತಂಟೆಗೆ ಹೋಗುವುದು ಮಾತ್ರ ಕೊನೆಯವರೆಗೂ ಬಿಡಲಿಲ್ಲ. "ಏನಪ್ಪಾ, ಸೀಟಿ ಊದೋಕೆ ಉಸಿರಿಲ್ವಾ, ಒಂದು ಮೊಟ್ಟೆ ಕೊಡ್ಲಾ?" ಎಂದು ಕೂಗಿ, ಒಂದು ಪಂದ್ಯದಲ್ಲಿ ಬೇಲಿಯಿಂದಾಚೆ ಕಳಿಸಲ್ಪಟ್ಟರು. ನಾನೂ ಜೊತೆಗೆ ಆಚೆ ಹೋಗಬೇಕಾಯಿತು. ಅಲ್ಲಿಂದಲೂ ಕೂಗಿದರು.

ಹೀಗೆ ಎರಡು ವರ್ಷ ಸುಖವಾಗಿ ಹೋಯಿತು. ಆಮೇಲೆ ಯಾವುದೋ ಮದುವೆಯಲ್ಲಿ ನೆಂಟರೊಬ್ಬರು ಭಾವನನ್ನು ಕರೆದು ಕೂರಿಸಿಕೊಂಡು, ಬೆಳೆದ ಹುಡುಗಿ ಚಡ್ಡಿ ಹಾಕಿಕೊಂಡು ಮಣ್ಣಲ್ಲಿ ಹೊರಳಾಡುವುದು ಏನು ಚೆಂದ ಎಂದು ತಲೆ ತಿಂದರು. ಭಾವ ಮನೆಗೆ ಬಂದವರೇ ಒಂದು ಷರತ್ತು ಹಾಕಿದರು. ಯುಗಾದಿ ಕಳೆದ ಮೇಲೆ ಜಿಲ್ಲಾ ತಂಡಕ್ಕೆ ಆಯ್ಕೆ ಇತ್ತು. ಅದರಲ್ಲಿ ಭವ್ಯ ಆಯ್ಕೆಯಾದರೆ ಮುಂದುವರಿಯಲಿ. ಇಲ್ಲವಾದರೆ ಆಟಕ್ಕೆ ಅಲ್ಲಿಗೇ ಮಂಗಳ ಹಾಡಿ, ಹತ್ತನೇ ತರಗತಿಯ ಟ್ಯೂಷನ್ನಿಗೆ ಹೋಗಲಿ.

"ಆಗ್ಲಿ ರೀ," ಎಂದರು ಅಕ್ಕ. ಅವರಿಗೆ ಮಗಳ ಮೇಲೆ ಅಷ್ಟು ನಂಬಿಕೆ. ನನಗೂ ಇತ್ತು.

ಹದಿನಾರರೊಳಗಿನ ಹುಡುಗಿಯರ ಆ ವಿಭಾಗದಲ್ಲಿ ಆಡಲು ತೂಕ ಐವತ್ತು ಕೆಜಿ ದಾಟಬಾರದು. ಪ್ರೇಮ್‌ಕುಮಾರ್ ಅಕ್ಕನನ್ನೇ ಕರೆದು ಎಚ್ಚರಿಸಿದ್ದರು. "ಅಮ್ಮಾ, ಇವಳು ಅಂಚಿನಲ್ಲಿದ್ದಾಳೆ. ಸ್ವಲ್ಪ ನೋಡ್ಕೊಂಡು ಹಾಕಿ." ಅಕ್ಕ ಉಡಾಫೆ ಮಾಡಿದರು ಎಂದು ಯಾರೂ ತಿಳಿಯಬಾರದು. ನಮ್ಮೂರಿನ ಮುನಿನಾರಾಯಣಪ್ಪನವರ ರಾಗಿ ಮಿಲ್ಲಿನಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿ ಇತ್ತು. ವಾರ ವಾರವೂ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಮೂಟೆಯ ಹಾಗೆ ನಿಲ್ಲಿಸಿ ತೂಗಿಸುತ್ತಿದ್ದರು. ನಲವತ್ತೆಂಟು, ನಲವತ್ತೆಂಟೂವರೆ. ಯುಗಾದಿಯ ದಿನ ಎಣ್ಣೆ ನೀರು ಹಾಕಿಸಿಕೊಂಡು ಹೋಗಿ ನಿಂತಾಗಲೂ ನಲವತ್ತೊಂಬತ್ತು ದಾಟಿರಲಿಲ್ಲ.

ಮಾರನೆಯ ದಿನ ವರ್ಷತೊಡಕು. ಆಯ್ಕೆ ಅದರ ಮರುದಿನ ಬೆಳಿಗ್ಗೆ. ವರ್ಷತೊಡಕಿನಂದು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅಂದು ಮಕ್ಕಳನ್ನು ಬೈಯುವುದಿಲ್ಲ, ಅಳಿಸುವುದಿಲ್ಲ, ಮನೆಯಲ್ಲಿ ಯಾರೂ ಅರೆಹೊಟ್ಟೆಯಲ್ಲಿ ಏಳುವಂತಿಲ್ಲ. ಊರಿನವರೆಲ್ಲ ಸೇರಿ ಕುರಿ ಕೊಯ್ದು ಗುಡ್ಡೆ ಹಾಕಿ ಹಂಚಿಕೊಂಡ ಮಾಂಸ ಬೆಳಗಾಗುವಷ್ಟರಲ್ಲೇ ಮನೆಗೆ ಬಂದಿತ್ತು. ಅಕ್ಕ ಕೈಮಾ ಉಂಡೆ ಸಾರು ಮಾಡಿದರು, ಬೋಟಿ ಗೊಜ್ಜು ಮಾಡಿದರು, ಶ್ಯಾವಿಗೆ ಒತ್ತಿದರು. ಭವ್ಯ ಪಾಪ, ಎರಡು ತುತ್ತು ತಿಂದು ಕೈ ತೊಳೆಯಲು ಎದ್ದಳು.

"ಕೂತ್ಕೋ. ಇವತ್ತು ಹಸ್ಕೊಂಡು ಎದ್ರೆ ವರ್ಷವೆಲ್ಲ ಹಸಿವು."

"ಅಮ್ಮಾ, ನಾಳೆ ತೂಕ."

"ಮಿಲ್ಲಲ್ಲಿ ನೋಡಿದ್ದೀವಲ್ಲ, ಇನ್ನೂ ಒಂದು ಕೆಜಿ ಜಾಗ ಇದೆ."

ಆ ಒಂದು ಕೆಜಿಯ ಜಾಗವನ್ನು ಅಕ್ಕ ಮಧ್ಯಾಹ್ನವೇ ತುಂಬಿಸಿದರು. ರಾತ್ರಿ ಕಾಲು ಸೂಪನ್ನೂ ಕುಡಿಸಿದರು, ಮಂಡಿಗೆ ಶಕ್ತಿ ಎಂದು.

ಬೆಳಿಗ್ಗೆ ಮೈದಾನದಲ್ಲಿ ತೂಕ ನೋಡಲು ಕೂತಿದ್ದವರು ಒಬ್ಬ ಕನ್ನಡಕದ ಮೇಡಂ. ಭವ್ಯ ಚಪ್ಪಲಿ ಬಿಟ್ಟು ಯಂತ್ರದ ಮೇಲೆ ನಿಂತಳು. ಮೇಡಂ ಬಗ್ಗಿ ನೋಡಿ, "ಐವತ್ತೊಂದು ದಾಟಿದೆಯಲ್ಲಮ್ಮಾ," ಎಂದರು. ಇಳಿಸಿ ಮತ್ತೆ ಹತ್ತಿಸಿದರು. ಮುಳ್ಳು ಅಲ್ಲೇ ಬಂದು ನಿಂತಿತು.

ಮಿಲ್ಲಿನ ತಕ್ಕಡಿಯ ಕಥೆ ನನಗೆ ಹೊಳೆದದ್ದು ಆಗ. ಮುನಿನಾರಾಯಣಪ್ಪನವರು ಆ ತಕ್ಕಡಿಯಲ್ಲಿ ರೈತರಿಂದ ರಾಗಿ ಕೊಳ್ಳುತ್ತಿದ್ದರು. ಕೊಳ್ಳುವವರ ತಕ್ಕಡಿ ಯಾವತ್ತು ಪೂರ್ತಿ ತೂಕ ತೋರಿಸಿದೆ? ಮೂರು ತಲೆಮಾರು ರಾಗಿ ಬೆಳೆದ ಮನೆಯವರಾಗಿ ಅಷ್ಟೂ ಹೊಳೆಯದೆ ಹುಡುಗಿಯನ್ನು ಕರೆದೊಯ್ದು ಅದೇ ತಕ್ಕಡಿಯ ಮೇಲೆ ನಿಲ್ಲಿಸಿದ್ದೆವು. ಅಕ್ಕನ ಮುಖ ನೋಡಿದೆ, ಅವರಿಗೂ ಹೊಳೆದಿತ್ತು.

ಮೇಡಂ ಒಳ್ಳೆಯವರೇ. ತೂಕದ ಹೊತ್ತು ಮುಗಿಯುವುದರೊಳಗೆ ಓಡಿ ಬೆವರಿಳಿಸಿ ಬಂದರೆ ಇನ್ನೊಮ್ಮೆ ನೋಡುತ್ತೇನೆ ಎಂದರು. ಫಹ್ಮಿದಾ ತನ್ನ ಟ್ರ್ಯಾಕ್ ಸೂಟನ್ನು ಬಿಚ್ಚಿ ಕೊಟ್ಟಳು, ಯಾರೋ ಸ್ವೆಟರು ಕೊಟ್ಟರು. ಬೇಸಿಗೆಯ ಬಿಸಿಲಲ್ಲಿ ಅದೆಲ್ಲ ಹಾಕಿಕೊಂಡು ಭವ್ಯ ಮೈದಾನ ಸುತ್ತತೊಡಗಿದಳು. ಅಕ್ಕ ಹಬ್ಬಕ್ಕೆ ತಂದ ಹೊಸ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅವಳ ಹಿಂದೆ ಓಡಿದರು. ಅಷ್ಟು ಮೈಯಿರುವ ಹೆಂಗಸು ಓಡುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬೇರೆ ಊರಿನ ಹುಡುಗಿಯರು ನಕ್ಕರು. ಅಕ್ಕ ತಿರುಗಿ ನೋಡಲಿಲ್ಲ.

ಎರಡನೇ ಸಲ ನಿಂತಾಗ ಭವ್ಯಳ ತೂಕ ಇಳಿದಿತ್ತು, ಆದರೆ ಎರಡು ಈರುಳ್ಳಿಯಷ್ಟು ಇನ್ನೂ ಹೆಚ್ಚಿಗೆ ಇತ್ತು. "ಇನ್ನೂ ಸ್ವಲ್ಪ ಹೊತ್ತಿದೆ. ಓಡಿದ್ರೆ ಆದ್ರೂ ಆಗ್ಬಹುದು," ಎಂದರು ಮೇಡಂ. ಭವ್ಯ ಸ್ವೆಟರಿಗೆ ಮತ್ತೆ ತಲೆ ತೂರಿಸಿದಳು. ತುಟಿ ಒಣಗಿ ಬೆಳ್ಳಗಾಗಿತ್ತು, ಕಾಲು ಸಣ್ಣಗೆ ನಡುಗುತ್ತಿತ್ತು. ಬೆಳಿಗ್ಗೆ ಎದ್ದಾಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ.

ಅಕ್ಕ ಅವಳ ಮುಖವನ್ನು ನೋಡಿದರು. ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿದರು.

"ಕುಡಿ."

"ಅಮ್ಮಾ, ಕುಡಿದ್ರೆ ಮತ್ತೆ ಜಾಸ್ತಿ ಆಗುತ್ತೆ."

"ಆಗ್ಲಿ."

"ಅಪ್ಪ ಆಟ ಬಿಡಿಸ್ಬಿಡ್ತಾರೆ."

"ಅದನ್ನ ನಾನು ನೋಡ್ಕೊತೀನಿ. ನೀನು ಕುಡಿ."

ಭವ್ಯ ಅಳುತ್ತಾ ಕುಡಿದಳು. ಇಡೀ ಬಾಟಲಿ ಕುಡಿದಳು. ಮೇಡಂ ಪೆನ್ನು ತೆಗೆದು ಅವಳ ಹೆಸರಿನ ಮೇಲೆ ಗೆರೆ ಎಳೆದರು. ಅಕ್ಕ ಮರದ ಕೆಳಗೆ ಹೋಗಿ ಕೂತರು, ಸಿಕ್ಕಿಸಿದ ನೆರಿಗೆ ಇಳಿಬಿಡಬೇಕು ಎಂಬುದೂ ಅವರಿಗೆ ನೆನಪಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಆಯ್ಕೆಯ ಪಂದ್ಯಗಳು ಶುರುವಾದವು. ಒಂದು ಕಡೆಯ ಹುಡುಗಿಯೊಬ್ಬಳ ಪಾದ ಉಳುಕಿ ಆಳು ಕಡಿಮೆಯಾಯಿತು. ಪ್ರೇಮ್‌ಕುಮಾರ್ ಆಯ್ಕೆ ಮಾಡುವವರ ಹತ್ತಿರ ಮಾತಾಡಿ, ಲೆಕ್ಕಕ್ಕೆ ಬೇಡ, ಸುಮ್ಮನೆ ಏಳು ಜನ ತುಂಬಲಿ ಎಂದು ಭವ್ಯಳನ್ನು ಕಣಕ್ಕೆ ಇಳಿಸಿದರು. ಅಷ್ಟರಲ್ಲಿ ನೀರು, ಬಾಳೆಹಣ್ಣು ಹೊಟ್ಟೆಗೆ ಬಿದ್ದು ಅವಳು ಚೇತರಿಸಿಕೊಂಡಿದ್ದಳು. ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲವಲ್ಲ, ಅಂದು ಅವಳು ಆಡಿದ ಆಟವನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ಹೆಚ್ಚು ಸಲ ನೋಡಿಲ್ಲ. ಮೂವರು ಹಿಡಿದುಕೊಂಡಿದ್ದರೂ ಅವರನ್ನು ಎಳೆದುಕೊಂಡೇ ಬಂದು ನಡುಗೆರೆ ಮುಟ್ಟಿದಳು.

ಹಿಂದಿನಿಂದ ಯಾರೋ ಜೋರಾಗಿ ಚಪ್ಪಾಳೆ ಹೊಡೆದರು. ತಿರುಗಿದರೆ ಬೈಲಪ್ಪ ಭಾವ. ಅಂಗಡಿ ಮುಚ್ಚಿಕೊಂಡು ಸ್ಕೂಟರಿನಲ್ಲಿ ಬಂದಿದ್ದರು. ಮಗಳು ಆಡುವುದನ್ನು ಎರಡು ವರ್ಷದಲ್ಲಿ ಅವರು ನೋಡಿದ್ದು ಅದೇ ಮೊದಲು. ಮುಖವೆಲ್ಲ ಅರಳಿತ್ತು.

"ಏನೇ ಇವಳು, ಎತ್ತಿನ ಹಂಗೆ ಎಳ್ಕೊಂಡು ಬಂದ್ಬಿಟ್ಲಲ್ಲ," ಎಂದರು ಅಕ್ಕನಿಗೆ. "ಇವಳನ್ನ ಬಿಟ್ಟು ಇನ್ಯಾರನ್ನ ತಗೋತಾರೆ? ಆಯ್ತು ಬಿಡು, ಸೆಲೆಕ್ಷನ್ ಆದಂಗೇ."

ನಾನು ನೆಲ ನೋಡಿದೆ. ಅಕ್ಕ ಎದ್ದು ನಿಂತರು.

"ಇಲ್ಲ ರೀ. ಅವಳು ಲೆಕ್ಕಕ್ಕಿಲ್ಲ. ತೂಕ ಜಾಸ್ತಿ ಬಂತು."

ಭಾವನಿಗೆ ತಿಳಿಯಲಿಲ್ಲ. ಅಕ್ಕ ಎಲ್ಲವನ್ನೂ ಹೇಳಿದರು. ಮಿಲ್ಲಿನ ತಕ್ಕಡಿ, ಕೈಮಾ ಉಂಡೆ, ಸೂಪು, ಓಟ, ಯಾವುದನ್ನೂ ಬಿಡಲಿಲ್ಲ. "ಇನ್ನೊಂದು ನಾಲ್ಕು ಸುತ್ತು ಓಡಿಸಿದ್ರೆ ಆಗ್ತಿತ್ತೇನೋ. ಮಗು ನಿಲ್ಲೋಕಾಗದೆ ನಡುಗ್ತಿತ್ತು. ನಾನೇ ನೀರು ಕುಡಿಸ್ಬಿಟ್ಟೆ," ಎಂದರು. ಅಲ್ಲಿಗೆ ಉಸಿರು ತೆಗೆದುಕೊಂಡರು. "ಆಟದಲ್ಲಿ ಸೋತಿದ್ರೆ ನಿಮ್ಮ ಮಾತಿಗೆ ನಾನು ಎದುರಾಡ್ತಿರಲಿಲ್ಲ. ಅವಳು ಸೋತಿಲ್ಲ. ನನ್ನ ಅಡುಗೆ ಸೋಲಿಸಿದೆ. ಶಿಕ್ಷೆ ಅವಳಿಗೆ ಬೇಡ."

ಭಾವ ಕಣದ ಕಡೆಗೇ ನೋಡುತ್ತ ನಿಂತರು. ಭವ್ಯ ಅಪ್ಪನನ್ನು ನೋಡಿದ್ದಳು. ಪಂದ್ಯ ಮುಗಿದರೂ ಹತ್ತಿರ ಬರದೆ, ಫಹ್ಮಿದಾಳ ಕೈ ಹಿಡಿದುಕೊಂಡು ದೂರದಲ್ಲೇ ಉಳಿದಳು. ಭಾವ ಪ್ರೇಮ್‌ಕುಮಾರ್ ನಿಂತಿದ್ದಲ್ಲಿಗೆ ನಡೆದರು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡು ಹಿಂದೆಯೇ ಹೋದರು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ನನ್ನ ಬಳೆಯೊಂದು ಒಡೆಯಿತು.

"ಸಾರ್, ಇವಳಿಗಿಂತ ದೊಡ್ಡ ಹುಡುಗೀರ ಟೀಮು ಅಂತ ಇರುತ್ತಾ?" ಎಂದು ಭಾವ ಕೇಳಿದರು.

"ಇದೆ ಸಾರ್. ಜೂನಿಯರ್ಸು. ಅದರ ಸೆಲೆಕ್ಷನ್ ಮುಂದಿನ ತಿಂಗಳು. ಆದ್ರೆ ಹುಡುಗೀರು ಗಟ್ಟಿ ಇರ್ತಾರೆ, ಇವಳು ಅಲ್ಲಿ ಸಣ್ಣೋಳಾಗ್ತಾಳೆ."

"ಅದಕ್ಕೆ ತೂಕ ಎಷ್ಟರವರೆಗೂ?"

"ಅರವತ್ತು."

ಭಾವ ಹಿಂದಿರುಗಿ ಹೆಂಡತಿಯನ್ನು ನೋಡಿದರು. ಸೊಂಟಕ್ಕೆ ಸಿಕ್ಕಿಸಿದ ನೆರಿಗೆ, ಕೆದರಿದ ತಲೆ, ಬೆವರಿಗೆ ಕರಗಿ ಮೂಗಿಗಿಳಿದ ಕುಂಕುಮ, ಎಲ್ಲವನ್ನೂ ನಿಧಾನವಾಗಿ ನೋಡಿದರು.

"ಕೇಳಿಸ್ತೇನೇ? ಇನ್ನೂ ಒಂಬತ್ತು ಕೆಜಿ ಜಾಗ ಇದೆಯಂತೆ. ಮನೆಗೆ ನಡಿ, ಬಡಿಸು."

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಆಂಜನಮ್ಮಕ್ಕ ಆಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.