ಆವಿಗೆ ಮೇಷ್ಟ್ರ ಕನ್ನಡಕ

ಮಣ್ಣಿನ ಕೆಲಸ ಕಲಿಸುವವರು ಹಲವರಿದ್ದಾರೆ. ಬೆಂಕಿಯೊಡನೆ ಹೇಗೆ ನಡೆದುಕೊಳ್ಳಬೇಕೆಂದು ಕಲಿಸಬಲ್ಲವರು ಬೆರಳೆಣಿಕೆಯಷ್ಟು. ಅವರಲ್ಲಿ ನಮ್ಮ ಕುಂಬಾರಿಕೆ ಶಾಲೆಯಲ್ಲಿ ಪಾತ್ರೆ ಸುಡುವ ಕುಲುಮೆ, ಅಂದರೆ ಆವಿಗೆಯನ್ನು ನೋಡಿಕೊಳ್ಳುವ ಆವಿಗೆ ಮೇಷ್ಟ್ರಿಗೆ ಮೊದಲ ಸಾಲಿನ ಸ್ಥಾನವಿದೆಯೆಂದರೆ ಅದು ಸಮಾರಂಭದ ಉಪಚಾರದ ಮಾತಲ್ಲ. ಅವರು ಸುಟ್ಟುಕೊಟ್ಟ ಪಾತ್ರೆಗಳು ಎಷ್ಟೋ ಅಡುಗೆಮನೆಗಳಲ್ಲಿ ಇಂದಿಗೂ ಗಟ್ಟಿಮುಟ್ಟಾಗಿವೆ.

ಅವರು ಸೇವೆಗೆ ಸೇರಿದಾಗ ವಿದ್ಯುತ್ ಆವಿಗೆಗೆ ಇದ್ದದ್ದು ತಿರುಗಿಸುವ ಒಂದು ಗುಂಡಿ, ಇಣುಕಿ ನೋಡಲು ಒಂದು ಕಿಂಡಿ. ಒಳಗಿನ ಬಣ್ಣ ನೋಡಿಯೇ ಶಾಖವನ್ನು ಏರಿಸುತ್ತಿದ್ದರು, ಇಳಿಸುತ್ತಿದ್ದರು. ಹೊಸಬರ ದಪ್ಪ, ಸೊಟ್ಟ ಪಾತ್ರೆಗಳಿಗೆ ಆವಿಗೆಯ ನಡುವಿನ ಸುರಕ್ಷಿತ ಅಂತಸ್ತನ್ನೇ ಬಿಟ್ಟುಕೊಡುತ್ತಿದ್ದರು. ಯಾವುದಾದರೂ ಒಡೆದರೆ "ನಿನ್ನ ತಪ್ಪಲ್ಲಮ್ಮ, ನಾನು ಅವಸರ ಮಾಡಿದೆ" ಎಂದು ಹೊಣೆಯನ್ನು ತಾವೇ ಹೊರುತ್ತಿದ್ದರು. ಆವಿಗೆ ಹೊತ್ತಿದ ದಿನ ಮನೆಯ ಕಡೆ ತಲೆಹಾಕಿದವರಲ್ಲ. ಅವರ ಮನೆಯವರು ಅದಕ್ಕೆ 'ನನ್ನ ಸವತಿ' ಎಂದು ಹೆಸರಿಟ್ಟು, ಊಟದ ಡಬ್ಬಿ ತಂದಾಗಲೆಲ್ಲ "ಹೇಗಿದ್ದಾಳೆ ಇವತ್ತು?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ನಿವೃತ್ತಿ ಹತ್ತಿರವಾದಾಗ ಡಿಜಿಟಲ್ ತಾಪ ನಿಯಂತ್ರಕ ಬಂತು. ಶಾಖ ಎಷ್ಟು ನಿಧಾನ ಏರಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಹಂತಹಂತವಾಗಿ ತುಂಬಿದರೆ ಮಿಕ್ಕದ್ದನ್ನು ಅದೇ ನೋಡಿಕೊಳ್ಳುತ್ತದೆ. ಮೇಷ್ಟ್ರು ಮೂಗು ಮುರಿಯುತ್ತಾರೆಂದು ನಾವೆಲ್ಲ ಕಾದೆವು. ಅವರಿಗೋ ಬೇರೆಯೇ ಚಿಂತೆ. ಯಂತ್ರ ಕೈಕೊಟ್ಟರೆ ನಿವೃತ್ತಿಯ ಮೇಲೂ ಬರುತ್ತೇನೆಂದು ಶಾಲೆಗೆ ಮಾತು ಕೊಟ್ಟಿದ್ದರು. ಇನ್ನು ಸಂಜೆಗಳೆಲ್ಲ ನಿನ್ನವೇ ಎಂದು ಮನೆಯವರಿಗೂ ಮಾತು ಕೊಟ್ಟಿದ್ದರು. ಎರಡನ್ನೂ ಉಳಿಸಿಕೊಳ್ಳಬೇಕಾದರೆ ಆ ಪುಟ್ಟ ಪೆಟ್ಟಿಗೆ ಅವರ ವಿದ್ಯೆಯನ್ನೆಲ್ಲ ಕಲಿಯಲೇಬೇಕಿತ್ತು.

ಅವರು ಹೇಳುತ್ತ ಹೋದರು. ಅವರ ಹಳೆಯ ಶಿಷ್ಯೆ, ಈಗ ಪಾತ್ರೆಗಳಿಗೆ ಮೆರುಗು ಕೊಡುವ ಪಾಠ ಹೇಳುವ ಅಧ್ಯಾಪಕಿ, ಬಟನ್ ಒತ್ತುತ್ತ ಹೋದರು. ಮೊದಲ ಸುಡುವಿಕೆಗೆಂದು ಮನೆಯವರೂ ಜೀವಮಾನದಲ್ಲೇ ಮೊದಲ ಬಾರಿಗೆ ಮಣ್ಣು ಮುಟ್ಟಿ, ದಪ್ಪನೆಯದೊಂದು ಬಟ್ಟಲು ಮಾಡಿಕೊಟ್ಟಿದ್ದರು. ಮರುದಿನ ಬಾಗಿಲು ತೆರೆದರೆ ಬಟ್ಟಲು ಚೂರುಚೂರು.

"ಸವತಿ ಕೊನೆಗೂ ಸೇಡು ತೀರಿಸ್ಕೊಂಡ್ಲು" ಎಂದು ಮನೆಯವರು ನಕ್ಕರು. ಮೇಷ್ಟ್ರು ನಗಲಿಲ್ಲ. ಚೂರುಗಳನ್ನು ಆರಿಸುತ್ತ ಕುಳಿತುಬಿಟ್ಟರು. ತಾವು ಮಾಡುವುದನ್ನೆಲ್ಲ ಒಂದೂ ಬಿಡದೆ ಹೇಳಿಯೂ ಹೀಗೇಕಾಯಿತೆಂದು ಅವರಿಗೆ ಹೊಳೆಯಲಿಲ್ಲ. ಅವರ ಮುಖ ನೋಡಲಾಗದೆ ಅಧ್ಯಾಪಕಿ ಆವಿಗೆಯ ಕಿಂಡಿಯತ್ತ ತಿರುಗಿದರು.

ಆಗ ಅಧ್ಯಾಪಕಿಗೆ ಏನೋ ನೆನಪಾಯಿತು. "ಮೇಷ್ಟ್ರೇ, ಆವಿಗೆ ಬಿಸಿಯಾಗೋಕೆ ಶುರುವಾದಾಗ ನೀವು ಕನ್ನಡಕ ತೆಗೆದು ಕಿಂಡಿ ಹತ್ರ ಹಿಡೀತಿದ್ರಲ್ಲ, ಅದು ಯಾಕೆ?"

"ಒರೆಸ್ಕೊಳ್ಳೋಕೆ."

"ಮಂಜು ಹಿಡಿದ್ರೆ?"

"ಗುಂಡಿ ಮುಟ್ತಿರಲಿಲ್ಲ. ಇನ್ನೂ ಹಸಿ ಇದೆ ಅಂತ..." ಎಂದವರು ಅಲ್ಲಿಗೇ ನಿಲ್ಲಿಸಿ, ಕನ್ನಡಕ ತೆಗೆದು ಅದನ್ನೇ ದಿಟ್ಟಿಸಿದರು. ಇಡೀ ಸೇವಾವಧಿ ಮಾಡಿದ ಕೆಲಸವದು. ಮಾಡುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ.

ನೀರು ಕುದಿಯುವ ಶಾಖಕ್ಕಿಂತ ಸ್ವಲ್ಪ ಕೆಳಗೆ, ಪಾತ್ರೆಗಳ ತೇವ ಒಳಗೇ ಕುದಿದು ಅವನ್ನು ಸಿಡಿಸದೆ ಪೂರ್ತಿ ಆರುವಂತೆ ದೀರ್ಘವಾದೊಂದು ನಿಲುಗಡೆಯನ್ನು ಆ ದಿನವೇ ಸೇರಿಸಿದರು. ಮನೆಯವರು ಮತ್ತೊಂದು ಬಟ್ಟಲು ಮಾಡಿದರು. ಅದು ಮೊದಲಿನದಕ್ಕಿಂತಲೂ ದಪ್ಪ. ಸೇವೆಯ ಕೊನೆಯ ದಿನ ಆವಿಗೆಯನ್ನು ಉರಿಯಲು ಬಿಟ್ಟು, ಮೇಷ್ಟ್ರು ಬಿಸಿಲಿರುವಾಗಲೇ ಮನೆಗೆ ಹೊರಟರು. ಗೇಟಿನವರೆಗೆ ಎಷ್ಟು ಸಲ ತಿರುಗಿ ನೋಡಿದರೋ! ಕೊನೆಗೆ ಮನೆಯವರೇ ಕೈಹಿಡಿದು ಕರೆದೊಯ್ದರು. ಆವಿಗೆ ತಣಿದ ಮೇಲೆ ಅಧ್ಯಾಪಕಿ ಬಟ್ಟಲನ್ನು ಮನೆಗೇ ಮುಟ್ಟಿಸಿದರು. ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ.

ಆ ನಿಲುಗಡೆಗೆ ನಾವು 'ಕನ್ನಡಕ' ಎಂದೇ ಹೇಳುತ್ತೇವೆ. ಪಾತ್ರೆಗಳು ಒಣಗಿದ್ದರೂ ಅದನ್ನು ಬಿಡುವುದಿಲ್ಲ. ಪೂಜ್ಯ ಮೇಷ್ಟ್ರು ನೂರ್ಕಾಲ ಬಾಳಲಿ, ಈಗ ಅವರ ಮನೆಗೂ ಬಂದಿರುವ ಮಡಕೆಯ ಚಕ್ರ, ಆ ತಿಗರಿ, ತಿರುಗುತ್ತಲೇ ಇರಲಿ. ಇನ್ನು ಮುಂದೆ ಅವರ ಕನ್ನಡಕಕ್ಕೆ ಮಂಜು ಹಿಡಿಯುವುದಾದರೆ, ಮನೆಯವರು ಎದುರಿಗೆ ಕೂತು ಆ ದಪ್ಪ ಬಟ್ಟಲಿನಲ್ಲಿ ಬಗ್ಗಿಸಿಕೊಡುವ ಸಂಜೆಯ ಚಹಾದಿಂದಲೇ ಹಿಡಿಯಲಿ.