ರನ್‌ವೇ ಪಕ್ಕದ ತಿಥಿ

ಭಟ್ಟರು ಪೇಟೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳಬಹುದಿತ್ತು. ಅಡುಗೆಯ ನಡುವೆ ಗ್ಯಾಸ್ ಮುಗಿಯಬಹುದಿತ್ತು. ಲೋಡ್‌ಶೆಡ್ಡಿಂಗ್ ಆಗಿ ಅಣ್ಣ ಲಿಫ್ಟಿನಲ್ಲಿ ಉಳಿದುಬಿಡಬಹುದಿತ್ತು. ಇದೊಂದರ ಬಗ್ಗೆ ನಾನು ಅಷ್ಟೇನೂ ಚಿಂತಿಸಲಿಲ್ಲ. ಗಾಳಿಗೆ ಬಾಳೆ ಎಲೆ ಹಾರಿ ಕೆಳಗಿನವರು ಒಣಹಾಕಿದ ಬಟ್ಟೆಯ ಮೇಲೆ ಬೀಳಬಹುದಿತ್ತು. ಯಾರಾದರೂ ನನ್ನನ್ನು ತಡೆದು, ಟೆರೇಸಿನ ಮೇಲೆ ಅನ್ನ ಇಡಬಾರದೆಂದು ನೋಟೀಸು ಅಂಟಿಸಿದ ಸೆಕ್ರೆಟರಿ ನೀವೇ ಅಲ್ಲವೆ ಎಂದು ಕೇಳಬಹುದಿತ್ತು. ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು: ಅಪ್ಪನ ಹೆಸರಿನ ಆಂಬೊಡೆ ತಿಂದ ಕಾಗೆ, ಮೈ ಭಾರವಾಗಿ, ದಿಲ್ಲಿಯಿಂದ ಬಂದು ಇಳಿಯುತ್ತಿದ್ದ ವಿಮಾನದ ಎಂಜಿನ್ನಿಗೆ ಸಿಕ್ಕಬಹುದಿತ್ತು.

ಅಪ್ಪ ಕೊನೆಯ ವರ್ಷಗಳನ್ನು ಊರಿನ ಇನ್ನೊಂದು ತುದಿಯ ಕೊಂಢವಾದಲ್ಲಿ ಅಣ್ಣನ ಮನೆಯಲ್ಲಿ ಕಳೆದರು. ತೀರಿಹೋದ ಮೇಲೆ ಪಕ್ಷ ಮಾಸದ ತಿಥಿಯೂ ಅಲ್ಲೇ ಆಗುತ್ತಿತ್ತು. ಕಾಗೆ ಬಂದು ಎಡೆ ಮುಟ್ಟಿದರೆ ಹಿರಿಯರಿಗೆ ತೃಪ್ತಿಯಾಯಿತೆಂದು ನಂಬಿಕೆ. ಅಲ್ಲಿಯವರೆಗೆ ಮನೆಯವರು ಊಟಕ್ಕೆ ಕೂಡುವ ಹಾಗಿಲ್ಲ. ಕೊಂಢವಾದ ಕಾಗೆಗಳಿಗೆ ಆ ತಾಳ್ಮೆಯೂ ಇರಲಿಲ್ಲ. ಅಣ್ಣ ಎಲೆ ಕೆಳಗಿಡುವ ಮೊದಲೇ ಕಟ್ಟೆಯ ಮೇಲೆ ಪಂಕ್ತಿ ಹಿಡಿದು ಕೂತಿರುತ್ತಿದ್ದವು. ಅಣ್ಣ ಕೈ ಒರೆಸಿಕೊಳ್ಳುತ್ತ ನನ್ನತ್ತ ನೋಡಿ, “ಅಪ್ಪಗ ಈ ಮನಿ ಭಾಳ ಸೇರತದ ನೋಡು,” ಎನ್ನುತ್ತಿದ್ದ. ಪ್ರತಿ ವರ್ಷವೂ ಅದೇ ಮಾತು, ಅದೇ ಕೈ ಒರೆಸುವಿಕೆ.

ಮರಳುವಾಗ ಸ್ಕೂಟರಿನ ಮೇಲೆ ನಾನು ಹೆಂಡತಿಗೆ ವಿವರಿಸುತ್ತಿದ್ದೆ. ಸುತ್ತ ಕಟ್ಟಡದ ಕೆಲಸ, ಕೂಲಿಯವರ ಊಟ, ಕೋಳಿ ಅಂಗಡಿ. ಅಲ್ಲಿ ಕಾಗೆ ಬರದಿದ್ದರೇ ಆಶ್ಚರ್ಯ. ಅದರಲ್ಲಿ ಅಪ್ಪನ ಪ್ರೀತಿಯ ಮಾತೆಲ್ಲಿ ಬಂತು?

“ಹೊಟ್ಟಿ ಉರ್ಕೊಳ್ಳಾಕ ನಿಮಗ ಕಾಗಿನೂ ಸಾಕಲ್ರಿ,” ಎಂದಳು ಆಕೆ ಹಿಂದಿನಿಂದ.

ಅಗ್ಗದ ಟಿಕೆಟ್ಟಿನ ವಿಮಾನಗಳು ಶುರುವಾದ ಕಾಲವದು. ನಮ್ಮ ಮನೆ ವಿಮಾನ ನಿಲ್ದಾಣದ ಬದಿಗಿತ್ತು. ಆ ವರ್ಷ ನಾನು ಅಣ್ಣನಿಗೆ ಫೋನ್ ಮಾಡಿ, ಈ ಸಲ ತಿಥಿ ನಮ್ಮಲ್ಲಿ ಎಂದೆ. ಜಗಳಕ್ಕೆ ಬೇಕಾದ ಮಾತುಗಳನ್ನು ಮೊದಲೇ ಕೂಡಿಸಿಟ್ಟುಕೊಂಡಿದ್ದೆ. “ಆಗ್ಲಿ ತಗೋ, ಎಲ್ಲಿ ಮಾಡಿದ್ರೂ ಅಪ್ಪಂದ ಅಲ್ಲೇನು,” ಎಂದುಬಿಟ್ಟ. ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೂ ನನಗೆ ಸಿಟ್ಟು ಬಂತು.

ಫೋನ್ ಇಟ್ಟ ಮೇಲೆ ನೆನಪಾಯಿತು: ನಮ್ಮಲ್ಲಿ ಕಾಗೆಗಳಿಲ್ಲ.

ಇಲ್ಲದಂತೆ ಮಾಡಿದವನು ನಾನೇ. ಕೆಲವು ವರ್ಷಗಳ ಹಿಂದೆ ವಿಮಾನ ನಿಲ್ದಾಣದ ಪರಿಸರದ ಕೆಲಸ ನೋಡುವ ಅಧಿಕಾರಿಯೊಬ್ಬರು ನಾನು ಸೆಕ್ರೆಟರಿಯಾಗಿದ್ದ ನಮ್ಮ ಹೌಸಿಂಗ್ ಸೊಸೈಟಿಗೆ ಬಂದಿದ್ದರು. ಚೂಡಿದಾರ ತೊಟ್ಟ, ಮೆಲುದನಿಯ ಹೆಣ್ಣುಮಗಳು. ವಿಮಾನಕ್ಕೆ ಹಕ್ಕಿ ಬಡಿಯದಂತೆ ತಮ್ಮ ಬೇಲಿಯೊಳಗೆ ಮಾಡುವುದನ್ನೆಲ್ಲ ಹೇಳಿದರು. ಹುಲ್ಲು ತೀರ ಗಿಡ್ಡವಾದರೆ ಹಕ್ಕಿಗೆ ಹುಳ ಕಾಣುತ್ತದೆ, ಎತ್ತರವಾದರೆ ಇಲಿ ಸೇರುತ್ತವೆ, ಇಲಿಯ ಹಿಂದೆ ಹದ್ದು ಬರುತ್ತದೆ. ಅದಕ್ಕೇ ಅಳತೆ ನೋಡಿ ಕತ್ತರಿಸುತ್ತಾರಂತೆ. ನೀರು ನಿಲ್ಲಲು ಬಿಡುವುದಿಲ್ಲ. ಹಕ್ಕಿಗಳನ್ನು ಎಬ್ಬಿಸಲು ಪಟಾಕಿ ಹಾರಿಸುತ್ತಾರೆ. “ಆದರೆ ನಮ್ಮ ಬೇಲಿ ಹಕ್ಕಿಗೆ ಬೇಲಿಯಲ್ಲ. ನಿಮ್ಮ ಕಸ ಚೊಕ್ಕಟವಿದ್ದರಷ್ಟೇ ನಮ್ಮ ಆಕಾಶ ಚೊಕ್ಕಟ,” ಎಂದರು.

ಉಳಿದವರು ಚಹಾಕ್ಕೆ ಕಾದಿದ್ದರು. ಹುಟ್ಟಾ ಅಂಜುಬುರುಕನಾದ ನಾನೊಬ್ಬನೇ ಬೆವತಿದ್ದೆ. ಮರುದಿನದಿಂದಲೇ ಕೆಲಸಕ್ಕೆ ಇಳಿದೆ. ಕಸದ ಡಬ್ಬಿಗಳಿಗೆ ಮುಚ್ಚಳ ಬಂದವು. ಹಸಿಕಸ ಗೊಬ್ಬರದ ಗುಂಡಿಗೆ ಹೋಯಿತು. ಮೂಲೆಯ ಮಟನ್ ಅಂಗಡಿಯವನ ಬೆನ್ನು ಹತ್ತಿ ಮುಚ್ಚಿದ ಪೀಪಾಯಿ ಇಡಿಸಿದೆ. ಕೆಳಮನೆಯ ಮರಾಠಿ ಆಜಿ ದಿನಾ ಬೆಳಿಗ್ಗೆ ಕಾಗೆಗಳಿಗೆ ಚಪಾತಿ ಚೂರು ಹಾಕುತ್ತಿದ್ದಳು, ಅದನ್ನೂ ನಿಲ್ಲಿಸಿದೆ. ಮುಂದಿನ ಸಲ ಬಂದ ಅಧಿಕಾರಿ, ಇಂಥ ಸೊಸೈಟಿ ಇನ್ನೊಂದು ನೋಡಿಲ್ಲ ಎಂದರು. ಅಷ್ಟು ಹೊಗಳಿಕೆ ಅಪ್ಪನಿಂದಲೂ ನನಗೆ ಸಿಕ್ಕಿರಲಿಲ್ಲ.

ತಿಥಿಯ ದಿನ ಟೆರೇಸಿನ ಮೇಲೆ ಎಲೆ ಇಟ್ಟು ದೂರ ಸರಿದು ನಿಂತೆವು. ಅನ್ನ, ಪಾಯಸ, ಗೋರಿಕಾಯಿ ಪಲ್ಯ, ಆಂಬೊಡೆ. ಒಂದು ಅಗುಳೂ ಉಳಿಯದ ಹಾಗೆ ಆಮೇಲೆ ಗುಡಿಸಬೇಕೆಂದು ನಾನು ಕಸಬರಿಗೆ ಹಿಡಿದೇ ನಿಂತಿದ್ದೆ. ಆಕಾಶ ತೊಳೆದಿಟ್ಟ ತಾಟಿನ ಹಾಗಿತ್ತು. ರನ್‌ವೇ ಕಡೆಯಿಂದ ಆಗಾಗ ಪಟಾಕಿ ಸದ್ದು. ಬಟ್ಟೆ ಹರವಲು ಬಂದ ಆಜಿ ಎಲೆಯನ್ನೂ ಕಸಬರಿಗೆಯನ್ನೂ ನೋಡಿದಳು.

“ಕಾಯ್ ಹೋ ಸೆಕ್ರೆಟರಿ, ಆಜ್ ಕಾವಳೇ ಪಾಹಿಜೆತ್ ಕಾ?” ಇವತ್ತು ಕಾಗೆ ಬೇಕಾಗಿವೆಯೇನು ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೀರೆ ಝಾಡಿಸಿದಳು.

ಬಹಳ ಹೊತ್ತಿನ ಮೇಲೆ ಎದುರು ಕಟ್ಟಡದ ನೀರಿನ ಟಾಕಿಯ ಮೇಲೆ ಒಂದು ಕಾಗೆ ಬಂದು ಕೂತಿತು. ಕೂತೇ ಇತ್ತು.

“ಮಾವನವರ್ದು ಏನೋ ಆಸೆ ಉಳದದ. ಮಾತು ಕೊಡ್ರಿ,” ಎಂದರು ವೈನಿ, ಅಣ್ಣನ ಹೆಂಡತಿ. ಹೋದವರ ಮನಸ್ಸಿನಲ್ಲಿ ಉಳಿದದ್ದನ್ನು ಊಹಿಸಿ, ಮಾಡುತ್ತೇನೆಂದು ಮಾತು ಕೊಟ್ಟರೆ ಕಾಗೆ ಇಳಿಯುತ್ತದೆ.

ನಾನು ಕೈ ಮುಗಿದೆ. ವರ್ಷಾ ವರ್ಷಾ ಇಲ್ಲೇ ತಿಥಿ ಮಾಡುತ್ತೇನೆ ಎಂದೆ. ಕಾಗೆ ಬೆನ್ನು ತಿರುಗಿಸಿತು. ಮನೆದೇವರಿಗೆ ಹೋಗಿಬರುತ್ತೇನೆ ಎಂದೆ. ಅದು ಕೊಕ್ಕಿನಿಂದ ರೆಕ್ಕೆ ಕೆದರಿಕೊಂಡಿತು. ಅಣ್ಣನ ಜೊತೆ ಪ್ರೀತಿಯಿಂದ ಇರುತ್ತೇನೆ ಎಂದು ಅಣ್ಣನಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದೆ. ಬಹುಶಃ ಕಾಗೆಗೂ ಕೇಳಲಿಲ್ಲ.

“ಎಲಿ ಕೊಂಢವಾಕ್ಕ ಒಯ್ಯೂಣೇನು?” ಎಂದಳು ಹೆಂಡತಿ ಮೆಲ್ಲಗೆ.

“ಸತ್ತರೂ ಇಲ್ಲ,” ಎಂದೆ.

ಆಗ ಅಣ್ಣ ಮುಂದೆ ಬಂದ. ಅವನ ಮುಖದಲ್ಲಿ ನಗೆ ಇರಲಿಲ್ಲ. ಟಾಕಿಯತ್ತ ನೋಡಿ ಕೈ ಜೋಡಿಸಿ, “ಅಪ್ಪಾ, ತಮ್ಮನ ಚಿಂತಿ ಬಿಡು. ಅಂವನ್ನ ನಾ ನೋಡ್ಕೋತೀನಿ,” ಎಂದ.

ಕಾಗೆ ಟಾಕಿಯಿಂದ ಜಾರಿದಂತೆ ಇಳಿದು, ಎಲೆಯ ಅಂಚಿಗೆ ಕೂತು, ಆಂಬೊಡೆ ಎತ್ತಿಕೊಂಡಿತು.

ವೈನಿ ಕಣ್ಣೊರೆಸಿಕೊಂಡರು. “ನೋಡ್ರಿ, ಅವರಿಗೆ ಕಡೀತನ ನಿಮ್ಮ ಚಿಂತಿನ ಇತ್ತು,” ಎಂದಳು ಹೆಂಡತಿ. ಕಾಗೆ ರನ್‌ವೇ ಕಡೆ ಹೋಗದೆ ಇನ್ನೊಂದು ದಿಕ್ಕಿಗೆ ಹಾರಿತು. ಚುಕ್ಕೆಯಾಗಿ ಮಾಯವಾಗುವ ತನಕ ಕಾದು, ಟೆರೇಸು ಗುಡಿಸಿ ಕೆಳಗಿಳಿದೆ. ಊಟಕ್ಕೆ ಅಣ್ಣನ ಪಕ್ಕದಲ್ಲೇ ನನ್ನ ಎಲೆ ಹಾಕಿದ್ದರು. ಅಡುಗೆ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಅಂದು ಕೆಟ್ಟದ್ದು ಇಷ್ಟೇ: ನಮ್ಮ ಮನೆಗೂ ಕಾಗೆ ಬಂತು, ಆದರೆ ಅಣ್ಣನ ಮಾತಿಗೆ ಬಂತು.